ಬೀದಿ ಭಜನೆಯ ಭಕ್ತಕವಿ ಪಾಪನಾಶಂ ಶಿವನ್

ದೇವರ ಹಾಡು ಬರೆಯುವವರು ಕೆಲವರು, ಅದಕ್ಕೆ ರಾಗ ಕೂಡಿಸುವವರು ಕೆಲವರು, ಹಾಡುವವರು ಕೆಲವರು. ಈ ಮೂರೂ ಒಬ್ಬರಲ್ಲಿಯೇ ಕೂಡಿ ಬಂದರೆ ಅಂಥವರನ್ನು ಹಿರಿಯರು ವಾಗ್ಗೇಯಕಾರರೆಂದು ಕರೆದರು. ನಮ್ಮ ಪುರಂದರದಾಸರು, ತಿರುವಯ್ಯಾರಿನ ತ್ಯಾಗರಾಜಸ್ವಾಮಿಗಳು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಈ ಸಾಲಿನವರು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಸಾಲಿನಲ್ಲಿ ನಿಲ್ಲುವ ಹೆಸರು ಶ್ರೀ ಪಾಪನಾಶಂ ಶಿವನ್ ಅವರದು. ತಮಿಳುನಾಡಿನ ಜನ ಅವರನ್ನು ತಮಿಳು ತ್ಯಾಗಯ್ಯ ಎಂದು ಕೊಂಡಾಡಿದರು. ಆದರೆ ಹಿಂದಿನ ಮಹನೀಯರಿಗೆ ಇರದಿದ್ದ ಒಂದು ಪರೀಕ್ಷೆ ಇವರಿಗೆ ಎದುರಾಯಿತು. ಅದೇ ಸಿನಿಮಾ. ದೇವಸ್ಥಾನದ ಬೀದಿಯಲ್ಲಿ ಭಜನೆ ಮಾಡುತ್ತಿದ್ದವರು ಸಿನಿಮಾಕ್ಕೆ ಹಾಡು ಬರೆದರು, ರಾಗ ಹಾಕಿದರು, ಕೊನೆಗೆ ವೇಷ ಕಟ್ಟಿ ನಟಿಸಿಯೂ ಬಿಟ್ಟರು. ಇಷ್ಟಾಗಿಯೂ ಅವರ ಭಕ್ತಿ ಮಾಸಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಅವರ ಜೀವನವನ್ನು ಮೊದಲಿಂದ ನೋಡಬೇಕು.

ಶಿವನ್ ಅವರ ಹುಟ್ಟುಹೆಸರು ರಾಮಯ್ಯ. 1890ರ ಸೆಪ್ಟೆಂಬರ್ 26ರಂದು ತಂಜಾವೂರು ಜಿಲ್ಲೆಯ ಪೊಲಗಂ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ರಾಮಾಮೃತ ಅಯ್ಯರ್, ತಾಯಿ ಯೋಗಾಂಬಾಳ್. ಮಗುವಿಗೆ ಏಳು ವರ್ಷವಾಗುವಷ್ಟರಲ್ಲಿ, 1897ರಲ್ಲಿ, ತಂದೆ ತೀರಿಕೊಂಡರು. ಗಂಡನನ್ನು ಕಳೆದುಕೊಂಡ ಆ ತಾಯಿ ಮಕ್ಕಳನ್ನು ಕರೆದುಕೊಂಡು 1899ರಲ್ಲಿ ಬಂಧುಗಳ ಆಸರೆ ಹುಡುಕಿ ತಿರುವಾಂಕೂರು ಸೀಮೆಯ ತಿರುವನಂತಪುರಕ್ಕೆ ಹೋದರು. ಹುಡುಗ ಅಲ್ಲಿ ಮಲಯಾಳ ಕಲಿತನು. ಮಹಾರಾಜರ ಸಂಸ್ಕೃತ ಕಾಲೇಜಿನಲ್ಲಿ ಓದಿ ವ್ಯಾಕರಣದಲ್ಲಿ ಪದವಿ ಪಡೆದನು. ಮನೆಮಾತು ತಮಿಳು, ಊರಿನ ಮಾತು ಮಲಯಾಳ, ಪಾಠದ ಮಾತು ಸಂಸ್ಕೃತ. ಗಡಿನಾಡಿನಲ್ಲಿ ಮನೆಯಲ್ಲೊಂದು, ಅಂಗಡಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡಿ ಬೆಳೆದ ನಮ್ಮಂಥವರಿಗೆ ಇದು ಹೊಸದಾಗಿ ಕಾಣದು.

ಆ ಊರಿನಲ್ಲಿ ನೀಲಕಂಠ ಶಿವನ್ ಎಂಬ ಶಿವಭಕ್ತರ ತಮಿಳು ಕೀರ್ತನೆಗಳು ಮನೆಮನೆಯಲ್ಲಿಯೂ ಹಾಡಿಕೆಯಲ್ಲಿದ್ದವು. ಆ ಕೀರ್ತನೆಗಳು ಬಾಲಕನ ಮನಸ್ಸಿನಲ್ಲಿ ಆಳವಾಗಿ ಬೇರೂರಿದವು. ನೂರಣಿ ಮಹಾದೇವ ಭಾಗವತರು ಮತ್ತು ಸಾಂಬ ಭಾಗವತರ ಬಳಿ ಸಂಗೀತದ ಮೊದಲ ಪಾಠಗಳಾದವು. ಮುಂದೆ ಕೋನೇರಿರಾಜಪುರಂ ವೈದ್ಯನಾಥ ಅಯ್ಯರ್ ಎಂಬ ಮಹಾವಿದ್ವಾಂಸರ ಗಾಯನ ಇವರ ಮೇಲೆ ಬಹಳ ಪ್ರಭಾವ ಬೀರಿತು.

1910ರಲ್ಲಿ ತಾಯಿ ದೈವಾಧೀನರಾದರು. ಆಗ ರಾಮಯ್ಯನಿಗೆ ಇಪ್ಪತ್ತು ವರ್ಷ. ಮನೆ ಎಂದು ಕಟ್ಟಿಹಾಕುವ ಬಂಧ ಯಾವುದೂ ಉಳಿಯಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವರ ಮುಂದೆ ನಿಂತು ಹಾಡುವುದು, ಇದೇ ಅವರ ದಿನಚರಿಯಾಯಿತು. ತಂಜಾವೂರು ಸೀಮೆಯ ಪಾಪನಾಶಂ ಎಂಬ ಊರಿನಲ್ಲಿ ಅಣ್ಣ ರಾಜಗೋಪಾಲ ಅಯ್ಯರ್ ಇದ್ದರು. ರಾಮಯ್ಯನವರು ಅಲ್ಲಿಗೆ ಬಂದು ಹೋಗಿ ಇರುತ್ತಿದ್ದರು. ಮೈಗೆಲ್ಲ ವಿಭೂತಿ ಬಳಿದುಕೊಂಡು ಭಜನೆಯಲ್ಲಿ ಮೈಮರೆಯುತ್ತಿದ್ದ ಈ ಯುವಕನನ್ನು ಕಂಡ ಜನ ಶಿವನ್ ಎಂದೇ ಕರೆಯತೊಡಗಿದರು. ಹೀಗೆ ಊರಿನ ಹೆಸರು ಮತ್ತು ಜನ ಕೊಟ್ಟ ಹೆಸರು ಸೇರಿ ಪಾಪನಾಶಂ ಶಿವನ್ ಆಯಿತು. ಆದರೆ ಕೃತಿಗಳಲ್ಲಿ ಅವರು ಇಟ್ಟುಕೊಂಡ ಅಂಕಿತ ರಾಮದಾಸ. ಜನ ಶಿವ ಎಂದರು, ಅವರು ತಮ್ಮನ್ನು ರಾಮನ ದಾಸ ಎಂದುಕೊಂಡರು. ಹರಿಹರರಲ್ಲಿ ಭೇದವೆಣಿಸದ ಮನಸ್ಸಿಗೆ ಬೇರೆ ಸಾಕ್ಷಿ ಬೇಡ.

ಅವರ ಮೊದಲ ಕೃತಿ ತಿರುವಾರೂರಿನ ತ್ಯಾಗರಾಜಸ್ವಾಮಿಯನ್ನು ಕುರಿತದ್ದು, ಕುಂತಲವರಾಳಿ ರಾಗದಲ್ಲಿದೆ. ಅಲ್ಲಿಂದ ಮುಂದೆ ಗಣಪತಿ, ಸುಬ್ರಹ್ಮಣ್ಯ, ದೇವಿ, ಶ್ರೀನಿವಾಸ, ಕೃಷ್ಣ ಎಂದು ಒಂದೊಂದು ದೇವರ ಮೇಲೆಯೂ ಕೃತಿಗಳು ಹೊಳೆಯಂತೆ ಹರಿದವು. 1930ರ ಹೊತ್ತಿಗೆ ಅವರು ಮದರಾಸಿನ, ಅಂದರೆ ಇಂದಿನ ಚೆನ್ನೈನ, ಮೈಲಾಪುರದಲ್ಲಿ ನೆಲೆನಿಂತರು. ಅಲ್ಲಿನ ಕಪಾಲೀಶ್ವರ ಸ್ವಾಮಿಯನ್ನು ಕುರಿತ ಮೋಹನ ರಾಗದ ಕೃತಿ, ಕರ್ಪಗಾಂಬಾಳ್ ಅಮ್ಮನವರನ್ನು ಕುರಿತ ಮಧ್ಯಮಾವತಿ ರಾಗದ ಕೃತಿ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ.

ಮೈಲಾಪುರದಲ್ಲಿ ಅವರ ಹೆಸರನ್ನು ಮನೆಮಾತಾಗಿಸಿದ್ದು ಸಭೆಯ ಕಛೇರಿಗಿಂತ ಹೆಚ್ಚಾಗಿ ಬೀದಿ ಭಜನೆ. ಧನುರ್ಮಾಸದಲ್ಲಿ ಬೆಳಗಿನ ಜಾವದ ಚಳಿಯಲ್ಲಿ ದೇವಸ್ಥಾನದ ಸುತ್ತಲಿನ ನಾಲ್ಕು ಮಾಡಬೀದಿಗಳಲ್ಲಿ ಹಾಡುತ್ತ ನಡೆಯುವುದು ಅವರ ನೇಮ. ಹಿಂದೆ ಬಂದವರೆಲ್ಲ ದನಿಗೂಡಿಸುತ್ತಿದ್ದರು. ವಿದ್ವಾಂಸರೂ ಬರುತ್ತಿದ್ದರು, ತಾಳ ತಪ್ಪುವವರೂ ಬರುತ್ತಿದ್ದರು. ಅಲ್ಲಿ ಟಿಕೇಟು ಇರಲಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಎಂಬುದಿರಲಿಲ್ಲ. ನಮ್ಮ ಹರಿದಾಸರು ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಬೀದಿಯಲ್ಲಿ ನಡೆದ ದಾರಿಯೇ ಇದು.

ಇನ್ನು ಸಿನಿಮಾದ ಮಾತಿಗೆ ಬರೋಣ. 1931ರಲ್ಲಿ ಮೊದಲ ತಮಿಳು ಮಾತಿನ ಚಿತ್ರ ಬಂತು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ತೆರೆ ಕಂಡಿತು. ಅದೇ ವರ್ಷ ಪ್ರಭಾತ್ ಕಂಪನಿಯವರು ಸೀತಾ ಕಲ್ಯಾಣಂ ಎಂಬ ತಮಿಳು ಚಿತ್ರ ತಯಾರಿಸಿದರು. ಮೈಲಾಪುರದ ವಕೀಲರಾದ ಸುಂದರಂ ಅಯ್ಯರ್ ಅವರ ಕುಟುಂಬವೇ ಅದರಲ್ಲಿ ನಟಿಸಿತು. ಮಗ ಎಸ್. ರಾಜಂ ರಾಮನಾದರೆ, ಮಗಳು ಜಯಲಕ್ಷ್ಮಿ ಸೀತೆಯಾದರು. ಒಡಹುಟ್ಟಿದವರೇ ರಾಮ ಸೀತೆಯರಾದದ್ದು ಆಗ ದೊಡ್ಡ ಚರ್ಚೆಗೆ ಕಾರಣವಾಯಿತು. ಆ ಚಿತ್ರಕ್ಕೆ ಸಂಗೀತ ಕೊಟ್ಟವರು ಶಿವನ್. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಮರ್ಯಾದಸ್ಥರ ಮನೆಗಳಲ್ಲಿ ಸಿನಿಮಾದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಕಾಲವದು.

ಅಂದಿನ ಚಿತ್ರಗಳಲ್ಲಿ ಹಿನ್ನೆಲೆ ಗಾಯನದ ಅನುಕೂಲ ಮೊದಮೊದಲು ಇರಲಿಲ್ಲ. ಪಾತ್ರ ಮಾಡುವವರೇ ಕ್ಯಾಮರಾದ ಮುಂದೆ ನಿಂತು ಹಾಡಬೇಕು. ಆದ್ದರಿಂದ ಹಾಡು ಬರೆದವರು ಬರೆದು ಕೊಟ್ಟು ಮನೆಗೆ ಹೋಗುವಂತಿರಲಿಲ್ಲ. ನಟರನ್ನು ಕೂರಿಸಿಕೊಂಡು ಪಾಠ ಹೇಳಬೇಕಿತ್ತು. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುವುದು ಸುಮಾರು ಮೂರು ನಿಮಿಷದ ಹಾಡು. ಅಷ್ಟರಲ್ಲಿಯೇ ರಾಗದ ಮುಖ ಕಾಣಿಸಬೇಕು, ಮಾತು ಅರ್ಥವಾಗಬೇಕು, ಕಥೆ ಮುಂದೆ ಹೋಗಬೇಕು. ಸಂಸ್ಕೃತ ವ್ಯಾಕರಣ ಓದಿದವರು, ಬೀದಿಯಲ್ಲಿ ಜನರ ನಡುವೆ ಹಾಡಿ ಪಳಗಿದವರು ಶಿವನ್. ಎರಡೂ ಅವರ ಕೈಹಿಡಿದವು. ರಾಗವನ್ನು ಕೆಡಿಸಲಿಲ್ಲ, ಮಾತನ್ನು ಕಠಿಣ ಮಾಡಲಿಲ್ಲ. ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಸಿನಿಮಾ ನೋಡಿದ ರೈತನೂ ಶುದ್ಧ ಕರ್ನಾಟಕ ರಾಗವನ್ನು ಗುನುಗುತ್ತ ಮನೆಗೆ ಹೋದನು. ಇದು ಸಾಮಾನ್ಯ ಸೇವೆಯಲ್ಲ.

1937ರ ಚಿಂತಾಮಣಿ ಚಿತ್ರದಲ್ಲಿ ಕನ್ನಡದ ನಂಟೂ ಇದೆ. ಸತಿ ಸುಲೋಚನ ಚಿತ್ರವನ್ನು ನಿರ್ದೇಶಿಸಿದ ವೈ.ವಿ. ರಾವ್ ಅವರೇ ಇದನ್ನೂ ನಿರ್ದೇಶಿಸಿದರು. ಚಿಂತಾಮಣಿಯಾಗಿ ನಟಿಸಿದವರು ಕನ್ನಡದ ನಟಿ ಕೆ. ಅಶ್ವತ್ಥಮ್ಮ. ನಾಯಕ ಎಂ.ಕೆ. ತ್ಯಾಗರಾಜ ಭಾಗವತರ್. ಕೃಷ್ಣಕರ್ಣಾಮೃತ ಬರೆದ ಬಿಲ್ವಮಂಗಳನು ವೇಶ್ಯೆಯ ಮೋಹದಿಂದ ಬಿಡಿಸಿಕೊಂಡು ಕೃಷ್ಣನ ಕಡೆಗೆ ತಿರುಗಿದ ಕಥೆ ಅದು. ಶಿವನ್ ಅವರ ಹಾಡು, ಭಾಗವತರ ಕಂಠ ಸೇರಿ ಚಿತ್ರ ಅದ್ಭುತ ಯಶಸ್ಸು ಕಂಡಿತು. 1938ರ ಸೇವಾಸದನಂ ಎಂ.ಎಸ್. ಸುಬ್ಬುಲಕ್ಷ್ಮಿಯವರ ಮೊದಲ ಚಿತ್ರ. ಅದರ ಹಾಡುಗಳೂ ಶಿವನ್ ಅವರವೇ.

ಶಿವನ್ ನಟರಾಗಿಯೂ ಕಾಣಿಸಿಕೊಂಡರು. 1936ರ ಭಕ್ತ ಕುಚೇಲ ಚಿತ್ರದಲ್ಲಿ ಅವರು ಕುಚೇಲ. ಬಡತನವನ್ನು ಉಂಡು ಬೆಳೆದವರಿಗೆ ಆ ಹರಕು ಪಂಚೆ, ಆ ಅವಲಕ್ಕಿಯ ಗಂಟು ಅಪರಿಚಿತವೇನೂ ಅಲ್ಲ. 1939ರಲ್ಲಿ ಕೆ. ಸುಬ್ರಹ್ಮಣ್ಯಂ ನಿರ್ದೇಶನದ ತ್ಯಾಗಭೂಮಿ ಬಂತು. ಕಲ್ಕಿಯವರ ಕಥೆ. ಅದರಲ್ಲಿ ಶಿವನ್ ಹಳ್ಳಿಯ ಶಂಭುಶಾಸ್ತ್ರಿಗಳ ಪಾತ್ರ ವಹಿಸಿದರು. ಬಿರುಗಾಳಿಗೆ ಸೂರು ಕಳೆದುಕೊಂಡ ಹರಿಜನರಿಗೆ ಶಾಸ್ತ್ರಿಗಳು ಆಶ್ರಯ ಕೊಡುತ್ತಾರೆ. ಅದಕ್ಕಾಗಿ ಅಗ್ರಹಾರದವರು ಅವರಿಗೆ ಬಹಿಷ್ಕಾರ ಹಾಕುತ್ತಾರೆ. ಶಾಸ್ತ್ರಿಗಳು ಮುಂದೆ ಮದರಾಸಿಗೆ ಹೋಗಿ, ಬಡವರ ಕೇರಿಯಲ್ಲಿ ನೆಲೆಸಿ, ಅವರ ಸೇವೆಯಲ್ಲಿ ಬಾಳುತ್ತಾರೆ.

ಆ ಕಾಲವನ್ನು ನೆನೆದರೆ ಈ ಪಾತ್ರದ ತೂಕ ತಿಳಿಯುತ್ತದೆ. ಶಿವನ್ ಅವರು ಓದಿ ಬೆಳೆದ ತಿರುವಾಂಕೂರಿನಲ್ಲಿ ಮಹಾರಾಜರು 1936ರ ನವೆಂಬರ್ 12ರಂದು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದ್ದರು. ಮಧುರೆಯ ಮೀನಾಕ್ಷಿ ದೇವಸ್ಥಾನಕ್ಕೆ ಹರಿಜನರು ಪ್ರವೇಶ ಮಾಡಿದ್ದು 1939ರ ಜುಲೈ ತಿಂಗಳಲ್ಲಿ. ತ್ಯಾಗಭೂಮಿ ತೆರೆ ಕಂಡಿದ್ದು ಅದಕ್ಕೆ ಕೆಲವೇ ವಾರ ಮೊದಲು. ಊರೂರಲ್ಲಿ ಈ ವಿಷಯವಾಗಿ ಮನೆಮನೆಯೂ ಎರಡಾಗಿತ್ತು. ಆಚಾರವಂತರೆಂದು ಹೆಸರಾದ, ವಿಭೂತಿ ಧರಿಸಿದ ಭಜನೆಯ ಹಿರಿಯರೊಬ್ಬರು ಆ ಪಾತ್ರದಲ್ಲಿ ನಿಂತದ್ದು ನಟರೊಬ್ಬರು ನಿಂತಂತಲ್ಲ. ದೇವರ ಮುಂದೆ ಎಲ್ಲರೂ ಒಂದೇ ಎಂಬುದನ್ನು ಜನ ಅವರ ಮುಖದಲ್ಲಿಯೇ ಕಂಡರು. ಸ್ವಾತಂತ್ರ್ಯ ಚಳವಳಿಗೆ ಬಲ ಕೊಡುತ್ತದೆಂದು ಬ್ರಿಟಿಷ್ ಸರ್ಕಾರ 1940ರಲ್ಲಿ ಈ ಚಿತ್ರವನ್ನು ನಿಷೇಧಿಸಿತು.

1944ರ ದೀಪಾವಳಿಗೆ ಹರಿದಾಸ್ ಚಿತ್ರ ಬಂತು. ನಿರ್ದೇಶಕರು ಮಂಗಳೂರು ಮೂಲದ ಸುಂದರರಾವ್ ನಾಡಕರ್ಣಿ. ಹಾಡುಗಳು ಶಿವನ್ ಅವರವು. ಕಥೆ ನಮಗೆಲ್ಲ ಗೊತ್ತಿರುವ ಪಂಢರಪುರದ ಪುಂಡಲೀಕನದೇ. ಹೆತ್ತವರನ್ನು ಕಡೆಗಣಿಸಿ ಮೋಹದಲ್ಲಿ ಬಿದ್ದ ಮಗ ಎಲ್ಲವನ್ನೂ ಕಳೆದುಕೊಂಡು, ಕಣ್ಣು ತೆರೆದು, ತಾಯಿತಂದೆಯರ ಸೇವೆಯೇ ದೇವರ ಸೇವೆಯೆಂದು ತಿಳಿಯುತ್ತಾನೆ. ಮದರಾಸಿನ ಬ್ರಾಡ್‌ವೇ ಟಾಕೀಸಿನಲ್ಲಿ ಈ ಚಿತ್ರ ಮೂರು ದೀಪಾವಳಿಗಳನ್ನು ಕಂಡಿತು.

ಈ ಚಿತ್ರದಲ್ಲಿ ಅತ್ಯಂತ ಜನಪ್ರಿಯವಾದದ್ದು ಚಾರುಕೇಶಿ ರಾಗದ ಒಂದು ಶೃಂಗಾರದ ಹಾಡು. ಕಪಾಲೀಶ್ವರನ ಬೀದಿಯಲ್ಲಿ ಹಾಡುವವರು ಇಂಥ ಹಾಡನ್ನೂ ಬರೆಯಬಹುದೇ ಎಂದು ಭಕ್ತರಿಗೆ ಅನಿಸುವುದು ಸಹಜ. ಆದರೆ ಮೋಹದಲ್ಲಿ ಮುಳುಗಿದವನು ಹೇಗಿರುತ್ತಾನೆಂದು ತೋರಿಸದೆ ಪಶ್ಚಾತ್ತಾಪ ತೋರಿಸಿದರೆ ಯಾರು ನಂಬುತ್ತಾರೆ? ಕತ್ತಲೆಯ ಹಾಡನ್ನೂ ಬೆಳಕಿನ ಹಾಡನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಿ ಕೊಟ್ಟರು. ಸಿನಿಮಾಕ್ಕೆಂದು ಕಡಿಮೆ ತೂಕದ ಸಾಹಿತ್ಯ, ದೇವರಿಗೆಂದು ಒಳ್ಳೆಯ ಸಾಹಿತ್ಯ ಎಂದು ಎರಡು ಬಗೆಯ ಸರಕು ಅವರಲ್ಲಿ ಇರಲಿಲ್ಲ. ಅಷ್ಟೇ ಅಲ್ಲ, ಸಿನಿಮಾದಲ್ಲಿ ಹೆಸರು ಬಂದಾಗಲೂ ಧನುರ್ಮಾಸ ಬಂದರೆ ಅವರು ಮಾಡಬೀದಿಯಲ್ಲಿಯೇ ಕಾಣುತ್ತಿದ್ದರು. ಸಿನಿಮಾದ ಹಾಡಿಗೆ ಸಂಭಾವನೆ ಉಂಟು, ಬೀದಿಯ ಹಾಡಿಗೆ ಇಲ್ಲ. ಸಂಭಾವನೆ ಇಲ್ಲದ ಹಾಡನ್ನು ಅವರು ಬಿಡಲಿಲ್ಲ. ಅವರ ಭಕ್ತಿ ಮಾಸದೆ ಉಳಿದ ಗುಟ್ಟು ಇದೇ ಇರಬೇಕು.

1936ರಲ್ಲಿ ಶ್ರೀಮತಿ ರುಕ್ಮಿಣೀದೇವಿಯವರು ಸ್ಥಾಪಿಸಿದ ಕಲಾಕ್ಷೇತ್ರದಲ್ಲಿ ಶಿವನ್ ಕೆಲವು ಕಾಲ ಪಾಠ ಹೇಳಿದರು. ಡಿ.ಕೆ. ಪಟ್ಟಮ್ಮಾಳ್ ಅವರಂಥ ಮಹಾಗಾಯಕಿಯರು ಅವರಿಂದಲೇ ನೇರವಾಗಿ ಕೃತಿಗಳನ್ನು ಕಲಿತರು. ಕಛೇರಿಗಳಲ್ಲಿ ತಮಿಳು ಹಾಡುಗಳಿಗೆ ಸರಿಯಾದ ಸ್ಥಾನ ಬೇಕೆಂದು 1940ರ ದಶಕದಲ್ಲಿ ತಮಿಳು ಇಸೈ ಚಳವಳಿ ಎದ್ದಾಗ, ಹಾಡಲು ಯೋಗ್ಯವಾದ ಕೃತಿಗಳ ರಾಶಿಯನ್ನು ಶಿವನ್ ಆಗಲೇ ಒದಗಿಸಿದ್ದರು. ಹಾಗೆಂದು ಅವರು ಬೇರೆ ಭಾಷೆಯನ್ನು ದೂರವಿಡಲಿಲ್ಲ. ಸಂಸ್ಕೃತದಲ್ಲಿಯೂ ಕೃತಿ ರಚಿಸಿದರು. 1950ರ ದಶಕದ ಆರಂಭದಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಸಂಸ್ಕೃತ ಭಾಷಾ ಶಬ್ದ ಸಮುದ್ರ ಎಂಬ ದೊಡ್ಡ ನಿಘಂಟನ್ನು ಸಿದ್ಧಪಡಿಸಿ ಪ್ರಕಟಿಸಿದರು. ಸಿನಿಮಾದ ಪ್ರಖರ ದೀಪಗಳ ಮುಂದೆ ನಿಂತು ಬಂದವರು ಒಂದೊಂದೇ ಶಬ್ದ ಆರಿಸುತ್ತ ಕುಳಿತರೆಂದರೆ ಅವರ ಮನಸ್ಸಿನ ಹದ ಎಂಥದೆಂದು ಊಹಿಸಬಹುದು.

ಕಾಲ ಬದಲಾಯಿತು. ಚಿತ್ರಗಳ ಕಥೆ ಬದಲಾಯಿತು, ಹಾಡಿನ ಧಾಟಿಯೂ ಬದಲಾಯಿತು. ಸಿನಿಮಾದವರು ಹೊಸ ಕವಿಗಳ ಕಡೆಗೆ ಹೋದರು. ಶಿವನ್ ಅವರು ಬೀದಿ ಭಜನೆಯಿಂದ ಬಂದವರು, ಬೀದಿ ಭಜನೆಯಲ್ಲಿಯೇ ಇದ್ದರು. 1971ರಲ್ಲಿ ಮದರಾಸು ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ನೀಡಿತು. 1972ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿ ಕೊಟ್ಟು ಗೌರವಿಸಿತು. 1973ರ ಅಕ್ಟೋಬರ್ 1ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಅವರು ಭಗವಂತನ ಪಾದ ಸೇರಿದರು.

ಯಶೋದೆಯ ಭಾಗ್ಯವನ್ನು ಕುರಿತು ಅವರು ಕಾಪಿ ರಾಗದಲ್ಲಿ ಮಾಡಿದ ಹಾಡನ್ನು ಇಂದು ತಮಿಳು ಬಾರದವರೂ ಹಾಡುತ್ತಾರೆ. ಅದನ್ನು ಕೇಳಿದ ಕನ್ನಡಿಗರಿಗೆ ಪುರಂದರದಾಸರ ಯಶೋದೆಯೇ ಕಣ್ಣಮುಂದೆ ಬರುತ್ತಾಳೆ. ನವರಸಕನ್ನಡ ಎಂಬ ರಾಗದಲ್ಲಿ ಜಗನ್ಮಾತೆಯ ಮುಂದೆ ಅವರು ತೋಡಿಕೊಂಡ ಅಳಲು ಎಷ್ಟೋ ಜನರ ಅಳಲೂ ಆಗಿದೆ. ಹಾಡುವವರಲ್ಲಿ ಹಲವರಿಗೆ ಅದನ್ನು ಮಾಡಿದವರ ಹೆಸರು ಗೊತ್ತಿರುವುದಿಲ್ಲ. ರಾಮದಾಸ ಎಂಬ ಅಂಕಿತ ಇಟ್ಟವರಿಗೆ ಅದರಿಂದ ಬೇಸರವೇನೂ ಆಗಿರಲಾರದು.

ಜಾತ್ರೆ ಉತ್ಸವಗಳಲ್ಲಿ ಈಗ ಹಾಡು ಬರುವುದು ಮೈಕಿನ ಪೆಟ್ಟಿಗೆಯಿಂದ. ಅದೂ ಇರಲಿ. ಆದರೆ ಸ್ವಾಮಿಯ ಪಲ್ಲಕ್ಕಿ ಬೀದಿಗೆ ಬಂದಾಗ ಅದರ ಹಿಂದೆ ನಾಲ್ಕು ಜನ ತಾಳ ಹಿಡಿದು, ಬಂದಷ್ಟು ಹಾಡುತ್ತ ನಡೆದರೆ, ಆ ಮಹಾನುಭಾವರಿಗೆ ಅದಕ್ಕಿಂತ ದೊಡ್ಡ ನಮಸ್ಕಾರ ಬೇರೊಂದಿಲ್ಲ. ಮೈಲಾಪುರದಲ್ಲಿ ಧನುರ್ಮಾಸದ ಬೀದಿ ಭಜನೆ ಅವರು ಹೋದ ಮೇಲೂ ನಿಂತಿಲ್ಲ.