ಮೂರು ಸಲ ದಾಳ ಹಾಕಿದರೆ ಆರು ಬೀಳುವ ಸಾಧ್ಯತೆ ಅರ್ಧವೇ? ಜೂಜುಕೋರ ವೈದ್ಯ ಕಾರ್ಡಾನೊನ ಕಥೆ

ಲೂಡೊ ಆಡುವಾಗ ಹತ್ತು ಸಲ ಆರು ಬೀಳದಿದ್ದರೆ ಮುಂದಿನ ಸಲ ಬಿದ್ದೇ ಬೀಳುತ್ತದೆ ಅಂತ ನಮಗೆಲ್ಲ ಅನಿಸುತ್ತದೆ. ಅದು ತಪ್ಪು. ಹಿಂದೆ ಏನು ಬಿತ್ತು ಅನ್ನುವುದು ದಾಳಕ್ಕೆ ನೆನಪಿರುವುದಿಲ್ಲ, ಪ್ರತಿ ಸಲವೂ ಸಾಧ್ಯತೆ ಆರರಲ್ಲಿ ಒಂದೇ. ದಾಳದ ಲೆಕ್ಕವನ್ನು ಕೂತು ಬರೆದ ಮೊದಲಿಗರಲ್ಲಿ ಒಬ್ಬ ಇಟಲಿಯ ಜಿರೊಲಾಮೊ ಕಾರ್ಡಾನೊ. ಅವನೂ ಒಂದು ಕಡೆ ಎಡವಿದ್ದ.

1501ರಲ್ಲಿ ಪಾವಿಯಾ ಊರಿನಲ್ಲಿ ಹುಟ್ಟಿದ. ತಂದೆ ವಕೀಲ, ಲಿಯೊನಾರ್ಡೊ ಡಾ ವಿಂಚಿಯ ಪರಿಚಿತ. ತಂದೆ-ತಾಯಿಗೆ ಆಗ ಮದುವೆಯಾಗಿರಲಿಲ್ಲ. ಇದೇ ಕಾರಣ ಕೊಟ್ಟು ಮಿಲಾನ್‌ನ ವೈದ್ಯರ ಸಂಘ ಅವನನ್ನು ವರ್ಷಗಟ್ಟಲೆ ಹೊರಗಿಟ್ಟಿತು, 1539ರಲ್ಲಷ್ಟೇ ಸೇರಿಸಿಕೊಂಡಿತು. ವೈದ್ಯ ಪದವಿ ಇದ್ದೂ ಕೈಯಲ್ಲಿ ಕಾಸಿಲ್ಲ. ಹೊಟ್ಟೆಪಾಡಿಗೆ ಜೂಜು. ಒಂದು ಹಂತದಲ್ಲಿ ಹೆಂಡತಿ ಲೂಚಿಯಾಳ ಒಡವೆ, ಮನೆ ಸಾಮಾನು ಎಲ್ಲ ಅಡವಿಗೆ ಹೋದವು. ಸುಮಾರು 25 ವರ್ಷ ದಿನವೂ ಜೂಜಾಡಿದ್ದನ್ನು ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ನಾಚಿಕೆಯಿಂದಲೇ ಒಪ್ಪಿಕೊಂಡಿದ್ದಾನೆ.

ಆದರೆ ಆಡುತ್ತಲೇ ಎಣಿಸಿದ. ಎರಡು ದಾಳ ಉರುಳಿಸಿದರೆ 36 ಬಗೆಯಲ್ಲಿ ಬೀಳಬಹುದು, ಮೂರಾದರೆ 216. ಬೇಕಾದ ಬಗೆ ಎಷ್ಟು, ಒಟ್ಟು ಬಗೆ ಎಷ್ಟು ಅಂತ ನೋಡಿ ಪಣ ಕಟ್ಟಬೇಕು ಅನ್ನುವುದು ಅವನ ಸೂತ್ರ. ಇಂದು ಮನೆಯಲ್ಲೇ ರೋಲ್ ಪ್ಲೇಯಿಂಗ್ ಗೇಮ್ ಕಟ್ಟುವವರೂ ಮಾಡುವುದು ಇದನ್ನೇ. ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗುತ್ತಾರೆ, ಬೀಗ ಒಡೆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಎರಡು ದಾಳದ ಮೊತ್ತ 7 ಅಥವಾ ಹೆಚ್ಚು ಬಂದರೆ ಗೆಲುವು ಅಂತ ನಿಯಮ ಇಟ್ಟರೆ 36ರಲ್ಲಿ 21 ಸಲ ಗೆಲ್ಲಬಹುದು. ಅದನ್ನೇ 10ಕ್ಕೆ ಏರಿಸಿದರೆ ಬರೀ 6. ಮೂರೇ ಅಂಕ ಏರಿಸಿದ್ದು, ಆಟ ಕಬ್ಬಿಣದ ಕಡಲೆ!

ಈಗ ಅವನು ಎಡವಿದ ಜಾಗ. ಒಂದು ಸಲಕ್ಕೆ ಆರರಲ್ಲಿ ಒಂದಾದರೆ ಮೂರು ಸಲಕ್ಕೆ ಆರರಲ್ಲಿ ಮೂರು, ಅಂದರೆ ಅರ್ಧ ಅಂತ ಕೂಡಿಬಿಟ್ಟ. ಹಾಗೆ ಕೂಡುತ್ತ ಹೋದರೆ ಆರು ಸಲ ಹಾಕಿದಾಗ ಆರು ಖಂಡಿತ ಬೀಳಲೇಬೇಕು! ಬೀಳುವುದಿಲ್ಲ ಅಂತ ಲೂಡೊ ಆಡಿದ ಯಾವ ಮಗುವಿಗೂ ಗೊತ್ತು. ಸರಿಯಾದ ದಾರಿ ಎಂದರೆ ಬೀಳದಿರುವುದನ್ನು ಎಣಿಸುವುದು. ಮೂರು ಸಲವೂ ಆರು ಬೀಳದ ಬಗೆಗಳು 5×5×5, ಅಂದರೆ 125. 216ರಲ್ಲಿ ಅದನ್ನು ಕಳೆದರೆ ಉಳಿಯುವುದು 91, ಸುಮಾರು ಶೇ 42. ಅರ್ಧ ದಾಟಬೇಕಾದರೆ ನಾಲ್ಕು ಸಲ ಹಾಕಬೇಕು. ಕಾರ್ಡಾನೊ ಮುಂದೆ ಸರಿಯಾದ ಲೆಕ್ಕಕ್ಕೂ ಬಂದ. ಹಳೆಯ ತಪ್ಪನ್ನು ಮಾತ್ರ ಅಳಿಸದೆ ಅದೇ ಪುಸ್ತಕದಲ್ಲಿ ಬಿಟ್ಟ. ನನಗಂತೂ ಆ ಪುಸ್ತಕದಲ್ಲಿ ಇಷ್ಟವಾಗುವುದು ಇದೇ.

ಇಷ್ಟೆಲ್ಲ ಎಣಿಸಿದವನು ಅದೃಷ್ಟವನ್ನು ಬಿಟ್ಟನೇ? ಇಲ್ಲ. ಜಾತಕ ಬರೆಯುತ್ತಿದ್ದ, ಶಕುನ ನಂಬುತ್ತಿದ್ದ. ಬೀಜಗಣಿತದ ದೊಡ್ಡ ಗ್ರಂಥವನ್ನು 1545ರಲ್ಲಿ ಪ್ರಕಟಿಸಿ ಯುರೋಪಿನಲ್ಲೆಲ್ಲ ಹೆಸರಾದ. 1560ರಲ್ಲಿ, ಹೆಂಡತಿಗೆ ವಿಷ ಹಾಕಿದ ಅಪರಾಧಕ್ಕೆ ಹಿರಿಯ ಮಗನ ತಲೆ ಹೋಯಿತು. ಆ ದುಃಖದಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. 1570ರಲ್ಲಿ ಧರ್ಮವಿರೋಧದ ಆರೋಪದ ಮೇಲೆ ಸೆರೆಮನೆ.

1576ರ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ತೀರಿಕೊಂಡ. ತನ್ನ ಸಾವಿನ ದಿನವನ್ನು ಮೊದಲೇ ಹೇಳಿ, ಅದು ಸುಳ್ಳಾಗಬಾರದೆಂದು ಉಪವಾಸ ಬಿದ್ದು ಸತ್ತ ಅನ್ನುವ ಕಥೆ ನಿಮಗೂ ಫಾರ್ವರ್ಡ್ ಬಂದಿರಬಹುದು. ಅದು ಆಮೇಲೆ ಹಬ್ಬಿದ ಮಾತು, ಗಟ್ಟಿ ಪುರಾವೆ ಇಲ್ಲ.

ದಾಳದ ಪುಸ್ತಕ ಅಚ್ಚಾದದ್ದು 1663ರಲ್ಲಿ, ಅವನು ಸತ್ತು 87 ವರ್ಷದ ಮೇಲೆ. ಅಷ್ಟರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರ ಬರೆದುಕೊಳ್ಳುತ್ತ ಜೂಜಿನ ಲೆಕ್ಕವನ್ನು ತಮ್ಮದೇ ದಾರಿಯಲ್ಲಿ ಬಿಡಿಸಿಯಾಗಿತ್ತು.