ಜನರಲ್ ತಿಮ್ಮಯ್ಯನವರು

ಸೇನಾಪತಿಯಾದವನು ರಣರಂಗದ ಹಿಂದೆ ಸುರಕ್ಷಿತವಾದ ಡೇರೆಯಲ್ಲಿ ಕುಳಿತು ಭೂಪಟದ ಮೇಲೆ ಯುದ್ಧ ನಡೆಸುವವನೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಈ ಭಾವನೆಯನ್ನು ಸುಳ್ಳುಮಾಡಿದ ವೀರರಲ್ಲಿ ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಅಗ್ರಗಣ್ಯರು.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು ಬೆಂಗಳೂರಿನಲ್ಲಿಯೂ ಡೆಹರಾಡೂನಿನ ಸೈನಿಕ ವಿದ್ಯಾಲಯದಲ್ಲಿಯೂ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ತರಬೇತು ಹೊಂದಿ, 1926ರಲ್ಲಿ ಸೇನಾಧಿಕಾರಿಯಾದರು. ಆಗ ಭಾರತೀಯ ಅಧಿಕಾರಿಗಳು ಬೆರಳೆಣಿಕೆಯಷ್ಟು ಮಂದಿ; ಅವರ ಸಾಮರ್ಥ್ಯದ ವಿಷಯದಲ್ಲಿ ಆಂಗ್ಲರಿಗೆ ಸಂದೇಹವಿತ್ತು. ಎರಡನೆಯ ಮಹಾಯುದ್ಧವು ಆ ಸಂದೇಹಕ್ಕೆ ಉತ್ತರ ಕೊಟ್ಟಿತು. 1945ರ ಆರಂಭದಲ್ಲಿ ಬರ್ಮಾ ದೇಶದ ಅರಕಾನ್ ತೀರದಲ್ಲಿ ಜಪಾನೀಯರೊಡನೆ ಘೋರ ಕಾಳಗ ನಡೆದಾಗ, ಅಲ್ಲಿ ಹೋರಾಡಿದ ಒಂದು ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರಾಗಿದ್ದರು: ತಿಮ್ಮಯ್ಯ, ಥೋರಟ್ ಮತ್ತು ಸೇನ್. ಮೂವರೂ ಡಿ.ಎಸ್.ಒ. ಎಂಬ ಶೌರ್ಯ ಪದಕಕ್ಕೆ ಪಾತ್ರರಾದರು.

ಆದರೆ ಅವರ ನಿಜವಾದ ಪರೀಕ್ಷೆ ನಡೆದುದು ಸ್ವತಂತ್ರ ಭಾರತದಲ್ಲಿ. 1948ರಲ್ಲಿ ಅವರು ಮೇಜರ್ ಜನರಲ್ ಆಗಿ ಕಾಶ್ಮೀರದ ಡಿವಿಜನ್ನಿನ ಅಧಿಪತ್ಯವನ್ನು ವಹಿಸಿಕೊಂಡಾಗ ಲಡಾಖಿನ ಮುಖ್ಯ ಪಟ್ಟಣವಾದ ಲೇಹ್ ಅಪಾಯದಲ್ಲಿತ್ತು. ಅದನ್ನು ಉಳಿಸಲು ವಿಮಾನವೊಂದೇ ದಾರಿ. 11 ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ ಸ್ಥಳೀಯರು ಮಟ್ಟಮಾಡಿದ್ದ ನೆಲದ ಮೇಲೆ, ಹಿಮಶಿಖರಗಳನ್ನು ದಾಟಿ, ಏರ್ ಕಮೊಡೋರ್ ಮೆಹರ್ ಸಿಂಗರು ಮೇ ತಿಂಗಳಲ್ಲಿ ಮೊದಲ ಡಕೋಟ ವಿಮಾನವನ್ನು ಇಳಿಸಿದರು. ಅದರಲ್ಲಿ ತಿಮ್ಮಯ್ಯನವರೂ ಇದ್ದರು. ಇತರರನ್ನು ಕಳುಹಿಸಬೇಕಾದ ಸಾಹಸಕ್ಕೆ ತಾವೇ ಮೊದಲು ಹೋಗುವುದು ಅವರ ರೀತಿ.

ಎಲ್ಲವೂ ಜಯವಾಗಲಿಲ್ಲ. ದೂರದ ಸ್ಕರ್ದು ಕೋಟೆಯಲ್ಲಿ ಷೇರ್ ಜಂಗ್ ಥಾಪಾ ಎಂಬ ಅಧಿಕಾರಿ ಸಣ್ಣ ಪಡೆಯೊಡನೆ ಆರು ತಿಂಗಳ ಕಾಲ ಮುತ್ತಿಗೆಯನ್ನು ಸಹಿಸಿದರು. ಸಹಾಯಕ್ಕೆ ಹೊರಟ ತುಕಡಿಗಳು ಅಲ್ಲಿಗೆ ಮುಟ್ಟಲಾರದೆ ಹೋದುವು. ಆಹಾರವೂ ಮದ್ದುಗುಂಡೂ ಮುಗಿದು ಆಗಸ್ಟ್ ತಿಂಗಳಲ್ಲಿ ಸ್ಕರ್ದು ಬಿದ್ದಿತು.

ಲೇಹ್‌ಗೂ ಅದೇ ಗತಿ ಬರಬಾರದೆಂದರೆ ಶ್ರೀನಗರದಿಂದ ಅಲ್ಲಿಗೆ ಹೋಗುವ ಮಾರ್ಗವನ್ನು ತೆರೆಯಬೇಕಾಗಿತ್ತು. ಆ ಮಾರ್ಗದ ಹೆಬ್ಬಾಗಿಲಾದ ಜೋಜಿಲಾ ಕಣಿವೆಯನ್ನು ಶತ್ರುಗಳು ಆಕ್ರಮಿಸಿದ್ದರು. ಸೆಪ್ಟೆಂಬರಿನಲ್ಲಿ ಕಾಲ್ದಳ ನಡೆಸಿದ ದಾಳಿಗಳು ವಿಫಲವಾದುವು. ಹಿಮ ಬಿದ್ದು ಕಣಿವೆ ಮುಚ್ಚಿದರೆ ಮುಂದಿನ ಬೇಸಿಗೆಯವರೆಗೆ ಲೇಹ್ ಏಕಾಕಿ. ಆಗ ಟ್ಯಾಂಕುಗಳನ್ನೇ ಮೇಲಕ್ಕೆ ಹತ್ತಿಸಬೇಕೆಂಬ ನಿರ್ಧಾರವಾಯಿತು. ಏಳನೆಯ ಅಶ್ವದಳದ ಹಗುರವಾದ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಗುರುತು ಸಿಕ್ಕದಂತೆ ಗುಟ್ಟಾಗಿ ಸಾಗಿಸಲಾಯಿತು. ನಮ್ಮ ಬೆಂಗಳೂರನ್ನೇ ಕೇಂದ್ರವಾಗಿ ಉಳ್ಳ ಮದರಾಸ್ ಸ್ಯಾಪರ್ಸ್ ದಳದವರು ಹೇಸರಗತ್ತೆಗಳ ಕಾಲುದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದರು.

1948ರ ನವೆಂಬರ್ 1ರಂದು ಟ್ಯಾಂಕುಗಳು ಹಿಮದ ನಡುವೆ ಕಣಿವೆಯನ್ನು ನುಗ್ಗಿದುವು. ಅಷ್ಟು ಎತ್ತರಕ್ಕೆ ಅವು ಬಂದಾವೆಂದು ಶತ್ರುಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಡಿವಿಜನ್ನಿನ ಅಧಿಪತಿಯಾದ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲಿಯೇ ಇದ್ದರು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಮರಳಿ ನಮ್ಮ ವಶವಾದುವು, ಲೇಹ್ ಉಳಿಯಿತು.

ಕೊರಿಯಾ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ವಿಚಾರವನ್ನು ನೋಡಿಕೊಳ್ಳಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು 1953ರಲ್ಲಿ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬಂದು 1959ರಲ್ಲಿ ರಾಜೀನಾಮೆಯನ್ನಿತ್ತು, ಪ್ರಧಾನಿ ನೆಹರೂರವರ ಮಾತಿನಂತೆ ಹಿಂದಕ್ಕೆ ಪಡೆದರು. 1964ರಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಶಾಂತಿಪಡೆಗೆ ಸೇನಾಪತಿಯಾಗಿ ಹೋದ ಅವರು 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ತೀರಿಕೊಂಡರು. ಅವರ ದೇಹವನ್ನು ಬೆಂಗಳೂರಿನಲ್ಲಿ ಸಮಾಧಿ ಮಾಡಲಾಯಿತು.

ತಿಮ್ಮಯ್ಯನವರ ಹೆಸರು ಹೇಳಿದಾಗ ಜೋಜಿಲಾದ ಜಯವನ್ನು ಸ್ಮರಿಸುವುದು ಸಹಜ. ಆದರೆ ಸ್ಕರ್ದುವನ್ನೂ ಜೊತೆಗೆ ನೆನೆಯಬೇಕು. ಒಂದು ಕೋಟೆಯನ್ನು ಉಳಿಸಲಾಗದೆ ಹೋದ ಮೂರು ತಿಂಗಳೊಳಗೆ, ಧೃತಿಗೆಡದೆ, ಯಾರೂ ತುಳಿಯದ ದಾರಿಯನ್ನು ಹಿಡಿದು, ಅದರಲ್ಲಿ ತಾವೇ ಮುಂದೆ ನಡೆದದ್ದು ಅವರ ದೊಡ್ಡತನ. ಸೈನಿಕರಾಗದ ನಾವೂ ಅವರಿಂದ ಕಲಿಯಬಹುದಾದ ಪಾಠ ಇದೇ.