ಕಣ್ಣಿಲ್ಲದವರಿಗೆ ಆಸರೆಯಾದ ಪಂಚಾಕ್ಷರ ಗವಾಯಿಗಳು



ಬೆಳ್ಳಿ ಹಬ್ಬದ ಈ ಸಂಚಿಕೆಗೆ ಮಹಾತ್ಮರೊಬ್ಬರ ಚರಿತ್ರೆ ಬರೆದುಕೊಡಬೇಕೆಂದು ಸಂಚಿಕೆಯ ಹಿರಿಯರು ತಿಳಿಸಿದ್ದರಿಂದ, ಗದಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳನ್ನು ನೆನೆದು ನಾಲ್ಕು ಮಾತು ಬರೆದಿದ್ದೇವೆ. ಸಹಕಾರಿಗಳಾದ ನಮಗೆ ಗದಗ ಸೀಮೆ ಪರಕೀಯವಲ್ಲ. 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕಣಗಿನಹಾಳ ಸಂಘ ಅದೇ ತಾಲ್ಲೂಕಿನದು.

ಪೂಜ್ಯರು ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದರು. ಮೊದಲಿನ ಹೆಸರು ಗದಿಗೆಯ್ಯ. ಹುಟ್ಟುಕುರುಡರು. ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಒಂದೇ ಮನೆಯಲ್ಲಿ ಇಂಥ ಎರಡು ಮಕ್ಕಳಿದ್ದರೆ ಹೆತ್ತವರ ಗತಿ ಏನೆಂದು ಒಕ್ಕಲುತನದ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಬರ ಬಿದ್ದು ಗುಳೆ ಹೋಗುವ ನಮ್ಮ ಕಡೆ ಮೊದಲು ಭಾರ ಅನ್ನಿಸೋದು ಅಂಥ ಕೂಸುಗಳೇ. ಜಾತ್ರೆಯೊಳಗೆ ತಟ್ಟೆ ಮುಂದಿಟ್ಟು ಕೂಡಿಸಿದ್ದನ್ನು ನಾವೂ ಕಂಡವರೇ.

ಈ ಹುಡುಗರ ಕಂಠ ಮೆಚ್ಚಿ ಕೈ ಹಿಡಿದವರು ಹಾನಗಲ್ಲ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದ ಪುಣ್ಯಾತ್ಮರು. ಅವರ ಆಸರೆಯಲ್ಲಿ ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ, ಮುಂದೆ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಕಲಿತು ಪಂಚಾಕ್ಷರ ಗವಾಯಿಗಳಾದರು. ನಮ್ಮ ಹಟ್ಟಿ ಗಣಿಯಲ್ಲಿ ರಾಶಿ ಕಲ್ಲು ಪುಡಿ ಮಾಡಿದರೆ ಗುಂಜಿ ಚಿನ್ನ. ಸ್ವರ ಸಾಧನೆಯೂ ಹಾಗೇ ಅಂತ ಬಲ್ಲವರು ಹೇಳುತ್ತಾರೆ. ಇಷ್ಟಲಿಂಗ ಅಂಗೈಯಲ್ಲಿಟ್ಟು ಪೂಜೆಗೆ ಕೂತವರಿಗೆ ಕಣ್ಣಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅವರಿಗೆ ಹಾಡೂ ಪೂಜೆಯೇ ಆಗಿತ್ತು, ಮನಸ್ಸಿಗೆ ನೆಮ್ಮದಿ ಸಿಕ್ಕದ್ದು ಅಲ್ಲೇ.

ಆ ನೆಮ್ಮದಿಯನ್ನು ತಾವೊಬ್ಬರೇ ಉಣ್ಣುತ್ತ ಕೂಡಲಿಲ್ಲ ನೋಡಿರಿ. ಲಗ್ನವಾಗಲಿಲ್ಲ, ಆಸ್ತಿ ಮಾಡಲಿಲ್ಲ. ಕುರುಡ, ಅನಾಥ ಹುಡುಗರನ್ನು ಜೊತೆಗಿಟ್ಟುಕೊಂಡು ಊರೂರು ತಿರುಗುವ ಸಂಗೀತ ಶಾಲೆ ನಡೆಸಿದರು. ಭಕ್ತರು ಕೊಟ್ಟ ಕಾಳುಕಡಿಯೇ ಅದರ ಬಂಡವಾಳ. ನಮ್ಮ ಸಂಘದಲ್ಲಿ ಸಾಲಕ್ಕೆ ಪಹಣಿ, ಜಾಮೀನು ಕೇಳುತ್ತೇವೆ, ಕೇಳಲೇಬೇಕು, ಅದು ಮಂದಿಯ ರೊಕ್ಕ. ಆದರೆ ಕಣ್ಣಿಲ್ಲದ ಮಗುವಿಗೆ ಜಾಮೀನು ಹಾಕುವವರು ಯಾರು? ಗವಾಯಿಗಳೇ ಹಾಕಿದರು. ಗದಗಿನ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ತಿರುಗಾಟ ನಿಂತು ವೀರೇಶ್ವರ ಪುಣ್ಯಾಶ್ರಮ ನೆಲೆಯಾಯಿತು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡ ಇವರೆಲ್ಲ ಅವರ ಶಿಷ್ಯರು, ನಾಡಿಗೇ ಹೆಸರು ತಂದವರು. ಆದರೆ ನಮಗೆ ದೊಡ್ಡದಾಗಿ ಕಾಣುವುದು ಹೆಸರಾಗದೆ ಹಾರ್ಮೋನಿಯಂ, ತಬಲಾ ಕಲಿತು ತಮ್ಮ ಅನ್ನ ತಾವು ದುಡಿದ ಹುಡುಗರ ಸಂಗತಿ.

1944ರ ಜೂನ್ 11ರಂದು ಪೂಜ್ಯರು ಲಿಂಗೈಕ್ಯರಾದರು. 1995ರಲ್ಲಿ ಅವರ ಮೇಲೆ ಸಿನೆಮಾ ಬಂತು, ಬಹಳ ಮಂದಿ ಅದರಿಂದಲೇ ಅವರನ್ನು ಬಲ್ಲರು. ಆಶ್ರಮದ ಹೊರೆ ಹೊತ್ತವರು ಕೂಸಿದ್ದಾಗಲೇ ಕಣ್ಣು ಕಳೆದುಕೊಂಡು ಅವರ ಮಡಿಲು ಸೇರಿದ್ದ ಪುಟ್ಟರಾಜ ಗವಾಯಿಗಳು. 2010ರಲ್ಲಿ ತಾವು ಲಿಂಗೈಕ್ಯರಾಗುವ ತನಕ ಅವರು ಆ ಬಾಗಿಲು ಮುಚ್ಚಲಿಲ್ಲ. ಇಂದಿಗೂ ಅಲ್ಲಿ ಕಣ್ಣಿಲ್ಲದ ಮಕ್ಕಳು ಉಂಡು, ಹಾಡು ಕಲಿಯುತ್ತಾರೆ.